ಕೊಕ್ಕರೆಯ ಕತ್ತಿನ ಪಕ್ಕದ ಜಾಗ

ಮರದ ಪೆಟ್ಟಿಗೆಯ ಮುಚ್ಚಳಕ್ಕೆ ಕೊನೆಯ ಸ್ಕ್ರೂ ಇಳಿಯುತ್ತಿರುವಾಗ ಅವನು ತನ್ನ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ತೋರುಬೆರಳು, ಅದರ ಪಕ್ಕದ ಬೆರಳು. ಎರಡರ ತುದಿಯಲ್ಲೂ ಹತ್ತಿಯ ಎಳೆ ಅಂಟಿಕೊಂಡಿತ್ತು. ಮುಚ್ಚಳ ಇಳಿಯುವ ಮೊದಲು ಒಳಗೊಂದು ಶಬ್ದ ಬಂದದ್ದು ಹೌದೋ ಅಲ್ಲವೋ. ಬಂದಿದ್ದರೆ ಅದು ಕಿವಿಯಿಂದ ಬಂದದ್ದಲ್ಲ, ಬೆರಳಿನಿಂದ ಮೇಲೇರಿ ಬಂದದ್ದು. ತುತ್ತಿನಲ್ಲಿ ಕಲ್ಲು ಸಿಕ್ಕಾಗ ಹಲ್ಲಿನಿಂದ ನೇರ ತಲೆಗೆ ಹೋಗುತ್ತದಲ್ಲ, ಹಾಗೆ. ಪಕ್ಕದಲ್ಲಿ ಡ್ರಿಲ್ ಹಿಡಿದಿದ್ದವನಿಗೆ ಏನೂ ಕೇಳಿಸಿದಂತಿರಲಿಲ್ಲ. ಬೆಲೆಬಾಳುವ ಸಾಮಾನು ಕಟ್ಟಿ ಕಳಿಸುವ ಆ ಅಂಗಡಿಯಲ್ಲಿ ಅವನಿಗೆ ಎಲ್ಲರೂ ಮೊಳೆ ಎನ್ನುತ್ತಿದ್ದರು. ಪೆಟ್ಟಿಗೆ ಹೊಡೆಯುವ ಕೆಲಸ ಅವನದು, ಮೈಕಟ್ಟೂ ಹೆಸರಿಗೆ ತಕ್ಕ ಹಾಗಿತ್ತು. ಇವನಿಗೆ ಹತ್ತಿ ಎನ್ನುತ್ತಿದ್ದರು. ಒಡೆಯುವ ವಸ್ತು ಯಾವುದೇ ಬರಲಿ, ಅದನ್ನು ಸುತ್ತಿ, ಮಲಗಿಸಿ, ಒಳಪೆಟ್ಟಿಗೆಯಲ್ಲಿ ಕೂರಿಸುವುದು ಇವನ ಕೆಲಸ. ಇಪ್ಪತ್ತು ವರ್ಷ ಮೀರಿತ್ತು. ಗಾಜು, ಗಡಿಯಾರ, ಸತ್ತವರ ಮುಖದ ಅಚ್ಚು, ಒಮ್ಮೆ ಒಂದು ಆನೆಯ ಹಲ್ಲು. ಇಂದು ಪಿಂಗಾಣಿಯ ಕೊಕ್ಕರೆ. ಮೊಳದಷ್ಟು ಎತ್ತರ, ಒಂಟಿ ಕಾಲು, ಕತ್ತು ಹಿಂದಕ್ಕೆ ತಿರುಗಿಸಿ ತನ್ನ ರೆಕ್ಕೆಯನ್ನೇ ನೋಡಿಕೊಳ್ಳುವ ಭಂಗಿ. ಆ ಕತ್ತಿನ ಆಚೆ ದೀಪ ಹಿಡಿದರೆ ಬೆಳಕು ಈಚೆ ಕಾಣುತ್ತಿತ್ತು. ಇಂಥದು ಲೋಕದಲ್ಲಿ ಇನ್ನೆರಡಿವೆಯಂತೆ, ಅವೆರಡಕ್ಕೂ ಎಲ್ಲೋ ಒಂದು ಕಡೆ ಬೆಸುಗೆ ಬಿದ್ದಿದೆಯಂತೆ. ಇದಕ್ಕೆ ಮಾತ್ರ ಎಲ್ಲೂ ಇಲ್ಲ.

ವಿಮೆಯವನು ಬಗ್ಗಿ ಮುಚ್ಚಳದ ಅಂಚಿಗೆ ಸೀಲು ಒತ್ತಿದ. ಆಮೇಲೆ ಪೆಟ್ಟಿಗೆಯ ಎರಡು ಬದಿಗೂ ಉಗುರಿನಷ್ಟಗಲದ ಬಿಳಿ ಚೀಟಿ ಅಂಟಿಸಿದ. ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದ ನಿವೃತ್ತ ಹೆಡ್‌ಮೇಡಂ, ಇಷ್ಟು ದಿನ ತಮ್ಮದಾಗಿದ್ದ ಕೊಕ್ಕರೆಯನ್ನು ಹೊರದೇಶಕ್ಕೆ ಮಾರಿದ್ದವರು, ಕತ್ತು ಉದ್ದ ಮಾಡಿ ನೋಡಿದರು.

"ಅದೇನಪ್ಪ ಅದು?"

"ಇದು ನಮ್ಮ ಚಾಡಿಕೋರ, ಮೇಡಂ. ದಾರೀಲಿ ಯಾರಾದ್ರೂ ಪೆಟ್ಟಿಗೆ ಎತ್ತಿ ಹಾಕಿದ್ರೆ ಕೆಂಪಾಗತ್ತೆ. ಬಿಳಿ ಇದ್ರೆ ಎಲ್ಲ ಕ್ಷೇಮ ಅಂತ."

"ಒಳಗಡೆದು ಹೇಳತ್ತಾ?"

"ಹೊರಗಿನ ಪೆಟ್ಟು ಹೇಳತ್ತೆ. ದಾರೀಲಿ ಏನಾದ್ರೂ ಆದ್ರೆ ದುಡ್ಡು ನಾವು ಕೊಡ್ತೀವಿ. ಕಟ್ಟಿದ್ದೇ ಸರಿಯಿಲ್ಲದೆ ಒಡೆದ್ರೆ ಕೊಡಲ್ಲ. ನಾನಿಲ್ಲದಾಗ ಸೀಲು ಕಿತ್ತಿದ್ರೂ ಕೊಡಲ್ಲ."

"ಅಂದ್ರೆ ಇವರ ಕೈಮೇಲೆ ಅಂತಾಯ್ತು."

"ಹತ್ತಿಯ ಕೈಮೇಲೆ ಅಂತಾದ್ರೆ ನೀವು ಮನೆಗೆ ಹೋಗಿ ಕಾಲು ಚಾಚಿ ಮಲಗಿ," ಎಂದು ವಿಮೆಯವನು ಚೀಲ ಹೆಗಲಿಗೇರಿಸಿದ. ಇನ್ನೊಂದು ಊರಲ್ಲಿ ಇನ್ನೊಂದು ಪೆಟ್ಟಿಗೆ ಅವನಿಗಾಗಿ ಕಾಯುತ್ತಿತ್ತು. ಬಾಗಿಲಲ್ಲಿ ತಿರುಗಿ, "ಸ್ವೆಟರು ಹಾಕಿದ್ದಾಯ್ತಲ್ಲ, ಇನ್ನು ಟೋಪಿ ಗೀಪಿ ಅಂತ ಶುರು ಮಾಡ್ಬೇಡ ಮಾರಾಯ," ಎಂದ. ಮೊಳೆ ನಕ್ಕ. ಇವನೂ ನಕ್ಕ. ನಗುವಾಗ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡ.

ಸ್ವೆಟರಿನ ಮಾತು ಅದಕ್ಕೂ ಸ್ವಲ್ಪ ಮುಂಚೆ ಬಂದಿತ್ತು. ಎಲ್ಲ ಬದಿಯಿಂದ ಫೋಟೋ ತೆಗೆದು ಮುಗಿಸಿ ವಿಮೆಯವನು ಫೋನಿಗೆ ಅಂತ ಕಿಟಕಿಯ ಕಡೆ ಹೋದಾಗ, ಮೊಳೆ ಮುಚ್ಚಳ ಎತ್ತಿ ನಿಂತಿದ್ದಾಗ, ಇವನು ಇನ್ನೊಂದು ಸಲ ಒಳಗೆ ಬಗ್ಗಿ ನೋಡಿದ್ದ. ಆಗ ವಿಮೆಯವನು ಅಲ್ಲಿಂದಲೇ, ಫೋನಿಗೆ ಕೈ ಅಡ್ಡ ಹಿಡಿದು, "ಇನ್ನೇನು ಸ್ವೆಟರ್ ಹಾಕ್ತೀಯಾ ಅದಕ್ಕೆ?" ಎಂದು ಕೇಳಿದ್ದು. ಕೊಕ್ಕರೆ ಫೋಮಿನಲ್ಲಿ ಕೊರೆದ ತನ್ನ ಗುಂಡಿಯಲ್ಲಿ ಮಲಗಿತ್ತು. ಹೊಟ್ಟೆಗೆ ಆಸರೆ ಇತ್ತು, ಪೀಠಕ್ಕೆ ಆಸರೆ ಇತ್ತು. ಕತ್ತಿಗೂ ಕಾಲಿಗೂ ಏನೂ ತಾಗುತ್ತಿರಲಿಲ್ಲ. ಸುತ್ತ ಬೆರಳು ಹೋಗುವಷ್ಟು ಖಾಲಿ ಜಾಗ. ಆ ಜಾಗ ಹಾಗೇ ಇರಬೇಕು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನ ಹೇಳಿದ್ದೇ ಅದು. ಹೊಟ್ಟೆ ಹಿಡಿ, ಬುಡ ಹಿಡಿ. ತೆಳ್ಳಗಿರೋದನ್ನ ಮುಟ್ಟಬೇಡ, ಅದರ ಪಾಡಿಗೆ ಅದು ಅಲ್ಲಾಡಲಿ. ನೀನು ತುಂಬಿದ್ರೆ ಹೊರಗಿನ ಪೆಟ್ಟೆಲ್ಲ ನೀನು ತುಂಬಿದ್ದರ ಮೂಲಕಾನೇ ಒಳಗೆ ಹೋಗೋದು. ಮೇಸ್ತ್ರಿ ಹೋಗಿ ಎಷ್ಟೋ ವರ್ಷವಾಯಿತು. ಈ ಮಾತನ್ನು ಇವನೇ ಎಷ್ಟು ಹೊಸಬರಿಗೆ ಹೇಳಿಕೊಟ್ಟಿಲ್ಲ. ಆದರೆ ಇಂದು, ಆ ಕ್ಷಣ, ಕತ್ತಿನ ಪಕ್ಕದ ಆ ಖಾಲಿ ಜಾಗ ಕಣ್ಣಿಗೆ ಬಿದ್ದದ್ದೇ ಆ ಮಾತು ಮರೆತೇಹೋಯಿತು. ಸಮುದ್ರ ದಾಟಬೇಕು. ಅಷ್ಟು ದೂರ, ಕತ್ತಲಲ್ಲಿ, ಆ ಕತ್ತಿಗೆ ಒರಗಲು ಏನೂ ಇಲ್ಲದೆ. ಜೇಬಿನಲ್ಲಿದ್ದ ಹತ್ತಿಯ ಉಂಡೆ ಕೈಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಎರಡು ಬೆರಳಿನಿಂದ ಒಳಗೆ ಒತ್ತಿದ. ಸ್ವಲ್ಪ ಬಿಗಿ ಎನ್ನಿಸಿತು. ಇನ್ನೊಂದಿಷ್ಟು ಒತ್ತಿದ. ಆಗಲೇ ಶಬ್ದ, ಬಂದಿದ್ದರೆ. ಮೊಳೆ "ಹೂಂ, ಕೈ ತೆಗಿ ಅಣ್ಣ" ಎಂದು ಮುಚ್ಚಳ ಇಳಿಸಿದ್ದ.

ಬೆಳಿಗ್ಗೆಯೂ ಬಸ್ಸಿನಲ್ಲಿ ಹೀಗೇ ಆಗಿತ್ತು. ಅಲ್ಲೂ ತನಗೆ ಗೊತ್ತಾಗುವ ಮೊದಲೇ ಕಾಲು ಮೆಟ್ಟಿಲ ಮೇಲಿತ್ತು. ಮಗಳು ಮೊದಲ ಸಲ ಒಬ್ಬಳೇ ಹೊರಟಿದ್ದಳು. ಊರಿನ ಆ ತುದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಕರೆದಿದ್ದರು, ಬಂದು ಮಾತಾಡಿ ಹೋಗಿ ಎಂದು. ಇಪ್ಪತ್ತೆರಡು ತುಂಬಿದ ಹುಡುಗಿ. ರಸ್ತೆ ದಾಟುವಾಗ ಈಗಲೂ ನಿಂತುಬಿಡುತ್ತಾಳೆ. ಎರಡೂ ಕಡೆ ನೋಡುತ್ತಾಳೆ, ಖಾಲಿಯಿದ್ದರೂ ನೋಡುತ್ತಾಳೆ, ಮತ್ತೆ ನೋಡುತ್ತಾಳೆ. ಹಾಗೆ ನೋಡಲು ಕಲಿಸಿದವನು ಅವನೇ. ಸೈಕಲ್ಲು ಬೇಡ ಎಂದವನು ಅವನೇ, ಈಜು ಬೇಡ, ಅಟ್ಟದ ಏಣಿ ಬೇಡ, ಶಾಲೆಯವರು ಬೆಟ್ಟಕ್ಕೆ ಕರೆದುಕೊಂಡು ಹೋಗುವಾಗ ಜ್ವರವಿದೆಯೆಂದು ಚೀಟಿ ಬರೆದುಕೊಟ್ಟವನು. ಜ್ವರವಿರಲಿಲ್ಲ. ಆ ದಿನ ಅವಳು ಕಿಟಕಿಯ ಬಳಿ ಕೂತು, ಅಪ್ಪ, ನಂಗೆ ಎಷ್ಟು ಜ್ವರ ಇದೆ ಎಂದು ಕೇಳಿದ್ದಳು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ. ಇಂದು ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತು, "ನೀವು ಸುಮ್ಮನೆ ನಿಮ್ಮ ಕೆಲಸಕ್ಕೆ ಹೋಗಿ, ಇವತ್ತೊಂದು ದಿನ," ಎಂದು ಅವನಿಗೆ ಮಾತ್ರ ಕೇಳುವಂತೆ ಹೇಳಿದ್ದಳು. ಅವನು ಹೂಂ ಎಂದಿದ್ದ. ನಿಲ್ದಾಣದಲ್ಲಿ ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ಅವನು ಹಿಂದಿನ ಬಾಗಿಲಿನಿಂದ. ಜನರ ಮಧ್ಯೆ ಕುಗ್ಗಿ ನಿಂತ. ದೂರದಿಂದ ಅವಳ ಕೈ ಕಾಣುತ್ತಿತ್ತು, ಕಂಬಿ ಹಿಡಿದ ಕೈ. ಬಿಳಿಚಿಕೊಂಡಿತ್ತು, ಆದರೆ ಹಿಡಿದಿತ್ತು. ಆಮೇಲೊಮ್ಮೆ ಆ ಕೈ ಕಂಬಿ ಬಿಟ್ಟು ಕೂದಲು ಸರಿಮಾಡಿಕೊಂಡಿತು. ಬಸ್ಸು ಓಡುತ್ತಿರುವಾಗಲೇ. ಅದನ್ನು ಕಂಡು ಅವನು ತನ್ನ ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ, ಹೆಮ್ಮೆಗೋ ಹೆದರಿಕೆಗೋ. ಬಸ್ಸು ಗಕ್ಕನೆ ನಿಂತಾಗ ಅವಳು ಮುಂದಕ್ಕೆ ವಾಲಿದಳು. ಅವನ ಬಾಯಿಂದ "ಪುಟ್ಟಾ, ಹುಷಾರು" ಎಂದು ಬಂದೇಬಿಟ್ಟಿತು. ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಅವಳು ಕೊನೆಯಲ್ಲಿ ತಿರುಗಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ಹಿಡಿದುಕೊಳ್ಳಲು ಅವನಿಗೂ ಏನೋ ಒಂದು ಸಿಗುತ್ತಿತ್ತು. ದೀಪ ಆರಿಸಿದ ಕೋಣೆಯ ಹಾಗೆ ಸುಮ್ಮನಾಯಿತು ಆ ಮುಖ. ಮುಂದಿನ ನಿಲ್ದಾಣದಲ್ಲಿ ಇಳಿದಳು. ಎದುರು ಬದಿಗೆ ಹೋಗಬೇಕಿತ್ತು, ಮನೆಯ ಕಡೆಯ ಬಸ್ಸಿಗೆ. ರಸ್ತೆಯ ಅಂಚಿನಲ್ಲಿ ನಿಂತು ಎರಡೂ ಕಡೆ ನೋಡಿದಳು, ಮತ್ತೆ ನೋಡಿದಳು. ಅವನು ಬಸ್ಸಿನಲ್ಲೇ ಉಳಿದ. ಇಳಿಯಬೇಕಾಗಿತ್ತೋ ಉಳಿಯಬೇಕಾಗಿತ್ತೋ ಅವನಿಗೆ ಇನ್ನೂ ಗೊತ್ತಿರಲಿಲ್ಲ.

"ಕೂತ್ಕೊಳ್ಳಿ ನೀವೂ, ಎಷ್ಟು ಹೊತ್ತು ನಿಂತಿರ್ತೀರಿ," ಎಂದರು ಹೆಡ್‌ಮೇಡಂ. ಮೊಳೆ ಊಟಕ್ಕೆ ಹೋಗಿದ್ದ. ಗಾಡಿ ಬರುವುದು ಸಂಜೆಗೆ. ಅಲ್ಲಿಯವರೆಗೆ ಪೆಟ್ಟಿಗೆಯ ಬಳಿ ಒಬ್ಬರು ಇರಬೇಕೆಂಬುದು ನಿಯಮ, ಇವನು ತಾನೇ ಇರುತ್ತೇನೆ ಎಂದಿದ್ದ. ಆಕೆ ಹೋಗದೆ ಕುಳಿತಿದ್ದರು. ಟೀ ತರಿಸಿಕೊಟ್ಟರೆ ತಟ್ಟೆಗೆ ಸುರಿದು ಆರಿಸಿ ಕುಡಿದರು. "ನಮ್ಮೆಜಮಾನರ ತಾತನ ಕಾಲದ್ದು. ನಾನು ಮದುವೆಯಾಗಿ ಬಂದಾಗ ಅತ್ತೆ ಬೀಗದ ಕೈ ಕೊಡಲಿಲ್ಲ, ಮೊದಲು ಇದನ್ನ ತೋರಿಸಿದ್ರು. ಇದರ ಮುಂದೆ ಓಡಬೇಡ ಅಂದ್ರು. ಅವತ್ತಿಂದ ಆ ಮನೇಲಿ ಯಾರೂ ಓಡಲಿಲ್ಲ ನೋಡಿ. ಮಕ್ಕಳು ಓಡಲಿಲ್ಲ. ಇವರಂತೂ ಸೀನು ಬಂದ್ರೆ ಹಿತ್ತಲಿಗೆ ಹೋಗಿ ಸೀನಿ ಬರೋರು." ನಗುತ್ತಲೇ ಹೇಳಿದರು. ಆಮೇಲೆ ತಟ್ಟೆ ಕೆಳಗಿಟ್ಟು, "ಇನ್ನು ನಾನು ತಂಗಿ ಮನೆ ಪಕ್ಕ ಎರಡು ಕೋಣೆ ಹಿಡಿದಿದೀನಿ. ಇದು ತಲುಪಿ ಕೊಂಡವರು ರುಜು ಹಾಕಿದ್ರೆ ದುಡ್ಡು ಬರತ್ತೆ, ಆ ಮನೆಗೆ ಹೋಗ್ತೀನಿ. ಹೋದ ದಿನಾನೇ ಜೋರಾಗಿ ಒಂದು ಸಲ ಸೀನ್ತೀನಿ," ಎಂದರು. ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡಿದ್ದ. ಈಗ ಹೇಳಬಹುದು. ಮೇಡಂ, ನಾನೊಂದು ತಪ್ಪು ಮಾಡಿದೆ ಅನ್ನಿಸತ್ತೆ. ಎಷ್ಟು ಚಿಕ್ಕ ವಾಕ್ಯ. ಅದರಲ್ಲೂ "ಅನ್ನಿಸತ್ತೆ" ಎಂಬುದು ಅವನನ್ನು ಕಾಡಿತು. ತಪ್ಪು ಮಾಡಿದ್ದಂತೂ ಅನ್ನಿಸಿಕೆಯಲ್ಲ. ಹತ್ತಿ ಒಳಗೇ ಇದೆ. ಒಡೆದದ್ದು ಮಾತ್ರ ಅನ್ನಿಸಿಕೆ. "ನಿಮಗೆ ಮಕ್ಕಳಿದಾರಾ?" ಎಂದು ಆಕೆ ಕೇಳಿದರು. ಒಬ್ಬಳು ಮಗಳು ಎಂದ. "ಓಡ್ತಾಳಾ?" ಎಂದು ಕೇಳಿ ಆಕೆ ತಮ್ಮ ತಮಾಷೆಗೆ ತಾವೇ ನಕ್ಕರು.

ಆಕೆ ಹೋದ ಮೇಲೆ ಅವನು ಪೆಟ್ಟಿಗೆಗೆ ಕಿವಿ ಹಚ್ಚಿ, ಎರಡು ಕೈಯಲ್ಲೂ ಮೆಲ್ಲಗೆ ವಾಲಿಸಿ ನೋಡಿದ. ಏನೂ ಇಲ್ಲ. ಒಡೆದ ಚೂರಿದ್ದರೆ ಸರಿದಾಡಬೇಕು, ಕಿಣಿ ಎನ್ನಬೇಕು. ಆದರೆ ಹತ್ತಿ ಬಿಗಿಯಾಗಿ ತುಂಬಿದಲ್ಲಿ ಚೂರು ಸರಿದಾಡುವುದಾದರೂ ಹೇಗೆ? ಒಡೆದದ್ದೂ ಇದ್ದ ಜಾಗದಲ್ಲೇ ಇದ್ದ ಹಾಗೇ ನಿಂತಿರುತ್ತದೆ, ಯಾರಾದರೂ ಆಸರೆ ತೆಗೆಯುವ ತನಕ. ಸೀಲು ನೋಡಿದ, ಉಗುರು ಹಾಕಿದರೆ ಕಿತ್ತುಬರುವಂಥದು. ಕಿತ್ತರೆ ವಿಮೆ ಹೋಯಿತು, ಒಳಗೆ ಕೊಕ್ಕರೆ ನೆಟ್ಟಗಿದ್ದರೂ. ಕೀಳದಿದ್ದರೆ, ಒಳಗೆ ಒಡೆದಿದ್ದರೂ, ಅಲ್ಲಿ ತೆರೆದು ನೋಡುವ ತನಕ ಎಲ್ಲರ ಪಾಲಿಗೂ ನೆಟ್ಟಗಿರುತ್ತದೆ. ತೆರೆದಾಗ ಹತ್ತಿ ಕಾಣುತ್ತದೆ. ಫೋಟೋದಲ್ಲಿ ಇಲ್ಲದ ಹತ್ತಿ.

ಮಾಲೀಕರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಒಂದು ಕಾಲಿನ ಚಪ್ಪಲಿ ಬಿಚ್ಚಿ ಹೆಬ್ಬೆರಳು ತಿಕ್ಕಿಕೊಳ್ಳುತ್ತಿದ್ದರು.

"ಸರ್, ಆ ಕೊಕ್ಕರೆ."

"ಏನಾಯ್ತು?"

"ಒಂದ್ಸಲ ತೆಗೆದು ನೋಡಿದ್ರೆ ಹೇಗೆ ಅಂತ."

ಮಾಲೀಕರು ಅವನನ್ನು ನೋಡಿದರು. ಬೈಯುವ ನೋಟವಾಗಿರಲಿಲ್ಲ, ಹಳೆಯ ಹಲ್ಲುನೋವು ಮತ್ತೆ ಬಂದಾಗಿನ ನೋಟ. "ಹೋದ ಸಲ ನೀನು ಗೋಡೆ ಗಡಿಯಾರ ಬಿಚ್ಚಿಸ್ದೆ. ಏನಾಗಿತ್ತು?"

"ಏನೂ ಆಗಿರಲಿಲ್ಲ ಸರ್."

"ಅದರ ಹಿಂದಿನ ಸಲ?"

"ಏನೂ ಆಗಿರಲಿಲ್ಲ."

"ನಿಂಗೆ ಅನುಮಾನ ಇಲ್ಲದ ಪೆಟ್ಟಿಗೆ ಒಂದಾದ್ರೂ ಇಲ್ಲಿಂದ ಹೋಗಿದ್ಯೇನಯ್ಯ? ನೋಡು, ವಿಮೆಯವನನ್ನ ವಾಪಸ್ ಕರೆಸ್ಬೇಕು, ಗಾಡಿ ತಪ್ಪತ್ತೆ, ಹಡಗು ತಪ್ಪತ್ತೆ. ಕರೆಸೋಣ. ನಾನೇನು ಬೇಡ ಅನ್ನಲ್ಲ. ಆದ್ರೆ ಏನಾಯ್ತು ಅಂತ ಹೇಳು. ಎದೆ ಮುಟ್ಟಿಕೊಂಡು ಹೇಳು, ಈಗಲೇ ಫೋನ್ ಮಾಡ್ತೀನಿ."

"ಒಂದು ಶಬ್ದ ಬಂದ ಹಾಗಾಯ್ತು."

"ಬಂತಾ, ಬಂದ ಹಾಗಾಯ್ತಾ?"

ಅವನು ಮೇಜಿನ ಮೇಲಿನ ಗಾಜಿನ ಅಡಿಯಲ್ಲಿದ್ದ ಮಾಲೀಕರ ಮೊಮ್ಮಗುವಿನ ಫೋಟೋ ನೋಡಿದ. ಹತ್ತಿ ತುರುಕಿದ ಮಾತನ್ನು ಅವನು ಇನ್ನೂ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹತ್ತಿ, ಕತ್ತಿನ ಪಕ್ಕಕ್ಕೆ ಕೈ ಹಾಕಿದ ಹತ್ತಿ, ಮೊದಲ ದಿನದ ಪಾಠವನ್ನೇ ಮರೆತವನು. ಅದನ್ನು ಹೇಳಿದರೆ ಮಾಲೀಕರು ಖಂಡಿತ ಫೋನು ಎತ್ತುತ್ತಾರೆ. ಎತ್ತುವ ಮೊದಲು ಒಂದು ಗಳಿಗೆ ಅವನ ಮುಖ ನೋಡುತ್ತಾರೆ. ಬೆಳಿಗ್ಗೆ ಬಸ್ಸಿನವರೆಲ್ಲ ನೋಡಿದರಲ್ಲ, ಹಾಗೆ. ಒಂದೇ ದಿನ ಎರಡು ಸಲ ಅದು ತನ್ನಿಂದಾಗುವುದಿಲ್ಲ ಎನ್ನಿಸಿತು.

"ಬಂದ ಹಾಗಾಯ್ತು ಸರ್."

"ಹೋಗು. ಊಟ ಮಾಡಿದ ಹಾಗೂ ಕಾಣಲ್ಲ ನೀನು. ಏನಾದ್ರೂ ತಿನ್ನು."

ಗಾಡಿ ಬಂತು. ಚಾಲಕ ತೆಳ್ಳಗಿನ ಮನುಷ್ಯ, ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಂಡಿದ್ದ. ಇವನು ಹತ್ತು ಸಲ ಮೆಲ್ಲಗೆ ಮೆಲ್ಲಗೆ ಎಂದಾಗ, "ನಿಮ್ಮ ಮಗಳನ್ನ ಗಂಡನ ಮನೆಗೆ ಕಳಿಸೋ ಹಾಗೆ ಆಡ್ತೀರಲ್ಲ ಯಜಮಾನ್ರೆ," ಎಂದ. ಪೆಟ್ಟಿಗೆ ಒಳಗೆ ಹೋಯಿತು. ಬಿಳಿ ಚೀಟಿ ಬಿಳಿಯಾಗಿಯೇ ಇತ್ತು. ಬಾಗಿಲು ಹಾಕಿದ ಶಬ್ದಕ್ಕೆ ಅವನು ಬೆಚ್ಚಿದ್ದನ್ನು ಮೊಳೆ ನೋಡಿದ, ಹೆಗಲ ಮೇಲೆ ಒಮ್ಮೆ ತಟ್ಟಿ ಕೈ ತೊಳೆಯಲು ಹೋದ. ಗಾಡಿ ತಿರುವಿನಲ್ಲಿ ಕಾಣದಾದ ಮೇಲೂ ಅವನು ರಸ್ತೆಯ ಅಂಚಿನಲ್ಲೇ ನಿಂತಿದ್ದ. ಕೂಗಿದರೆ ನಿಲ್ಲಿಸಬಹುದಿತ್ತು. ಬಸ್ಸಿನಲ್ಲಿ ತಾನಾಗಿ ಬಂದ ಕೂಗು ಇಲ್ಲಿ ಬೇಕೆಂದರೂ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವನ ಕೈಗೆ ಬಂದ ವಸ್ತುಗಳೆಲ್ಲ ಭಾರವಾದವು. ಒಂದು ಹೂಜಿ ಸುತ್ತುವುದಕ್ಕೆ ಅರ್ಧ ದಿನ ಹಿಡಿಯಿತು. ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಮನೆಯಲ್ಲಿ ಮಗಳು ಊಟಕ್ಕೆ ಬರುತ್ತಿದ್ದಳು, ಬಡಿಸಿದ್ದನ್ನು ತಿಂದು ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗುತ್ತಿದ್ದಳು. ಕನ್ನಡಕದ ಅಂಗಡಿಯವರು ಮತ್ತೆ ಕರೆಯಲಿಲ್ಲ. ಅವಳಾಗಿ ಕೇಳಲೂ ಇಲ್ಲ. ಹೊಸ ಚಪ್ಪಲಿ ಡಬ್ಬಿಯೊಳಗೆ, ಅಂಗಡಿಯ ತೆಳು ಕಾಗದದಲ್ಲಿ ಸುತ್ತಿಕೊಂಡು, ಕಪಾಟಿನ ಮೇಲೆ ಸೇರಿತ್ತು. ಸುತ್ತಿದ ರೀತಿ ನೋಡಿ ಅವನಿಗೆ ಗುರುತು ಸಿಕ್ಕಿತು: ಮೂಲೆ ಮಡಚಿ ಒಳಗೆ ಸಿಕ್ಕಿಸುವುದು. ಅವಳಿಗೆ ಚಿಕ್ಕಂದಿನಲ್ಲಿ ಅವನೇ ಕಲಿಸಿದ್ದು. ಒಂದು ರಾತ್ರಿ ಹೆಂಡತಿಯನ್ನು ಕೇಳಿದ, "ಏನಾದ್ರೂ ಹೇಳಿದ್ಲಾ?"

"ಏನು ಹೇಳ್ತಾಳೆ? ಕೇಳಿದ್ರೆ ಏನಿಲ್ಲಮ್ಮ ಅಂತಾಳೆ. ಅಳೋದಿಲ್ಲ, ಸಿಡುಕೋದಿಲ್ಲ. ಚೆನ್ನಾಗೇ ಇದಾಳಪ್ಪ ನೋಡೋರಿಗೆ." ಗೋಡೆಯ ಕಡೆ ಹೊರಳುತ್ತ, "ನೀವು ಅವತ್ತು ಆ ಬಸ್ಸು ಹತ್ತಬಾರದಿತ್ತು," ಎಂದಳು. ಆ ಮಾತು ಎಷ್ಟೋ ದಿನದಿಂದ ಬರಬೇಕಾಗಿತ್ತು. ಬಂದ ಮೇಲೆ ಹಗುರಾಗಬಹುದೆಂದುಕೊಂಡಿದ್ದ. ಆಗಲಿಲ್ಲ.

ಕೊಕ್ಕರೆ ತಲುಪಿದ ಸುದ್ದಿಯನ್ನು ಮಾಲೀಕರೇ ಹೊರಗೆ ಬಂದು ಹೇಳಿದರು. "ಬಿಳಿ ಕಣೋ. ಎರಡೂ ಚೀಟಿ ಬಿಳಿ. ಸೀಲು ನೆಟ್ಟಗಿದೆ, ರುಜು ಹಾಕಿದಾರೆ, ಮೇಡಂಗೆ ದುಡ್ಡೂ ಬಂತು. ಈಗಾದ್ರೂ ಮುಖ ಬಿಚ್ಚು."

ಕೈಯಲ್ಲಿದ್ದ ಕತ್ತರಿಯನ್ನು ಅವನು ಮೇಜಿನ ಮೇಲಿಟ್ಟ. "ತೆಗೆದು ನೋಡಿದ್ರಾ ಸರ್?"

"ಯಾತಕ್ಕೆ ತೆಗೀತಾರೆ?"

"ಕೊಕ್ಕರೆ ನೋಡೋಕೆ."

"ನೋಡೋಕೆ ಯಾರು ತಗೋತಾರಪ್ಪ ಈ ಕಾಲದಲ್ಲಿ? ಪೆಟ್ಟಿಗೆ ಸಮೇತ ನೆಲಮಾಳಿಗೇಲಿ ಇಡ್ತಾರೆ. ಬೆಲೆ ಏರಿದ ಮೇಲೆ ಪೆಟ್ಟಿಗೆ ಸಮೇತ ಇನ್ನೊಬ್ಬರಿಗೆ ಮಾರ್ತಾರೆ. ಅವರೂ ತೆಗೆಯಲ್ಲ. ಒಳಗೇನಿದೆ ಅನ್ನೋದಕ್ಕೆ ಫೋಟೋ ಇದೆ, ಹೇಗಿದೆ ಅನ್ನೋದಕ್ಕೆ ವಿಮೆಯವನ ಸೀಲಿದೆ. ತೆಗೆದ್ರೆ ಬೆಲೆ ಕಮ್ಮಿಯಾಗತ್ತೆ." ಮಾಲೀಕರು ಅವನ ಬೆನ್ನು ತಟ್ಟಿದರು. "ನಮ್ಮ ಕಾಲ ಮುಗಿಯೋವರೆಗೂ ಅದು ಹಾಗೇ ಇರತ್ತೆ ಕಣೋ. ನಿನ್ನ ಕೈಕೆಲಸ."

ಮೊಳೆ ಅಲ್ಲಿಂದಲೇ, "ಹಾಗಾದ್ರೆ ಒಳಗೆ ಇಟ್ಟಿಗೆ ಇಟ್ಟು ಕಳಿಸಿದ್ರೂ ಆಗ್ತಿತ್ತು," ಎಂದ. ಎಲ್ಲರೂ ನಕ್ಕರು. ಅವನಿಗೆ ಈಗ ಹೇಳಬೇಕೆನ್ನಿಸಿತು, ಎಲ್ಲರ ಮುಂದೆ, ಮೇಜು ಬಡಿದು. ಆದರೆ ಈಗ ಹೇಳುವುದು ಯಾರಿಗೆ? ಮೇಡಂಗೆ ದುಡ್ಡು ಬಂದಿದೆ. ಮಾಲೀಕರಿಗೆ ಹೆಸರು ಬಂದಿದೆ. ಕೊಂಡವರಿಗೆ ಬೇಕಾದದ್ದು ಪೆಟ್ಟಿಗೆ, ಪೆಟ್ಟಿಗೆ ನೆಟ್ಟಗಿದೆ. ಆ ಕತ್ತು ಬೇಕಾದವನು ಇಡೀ ಲೋಕದಲ್ಲಿ ಅವನೊಬ್ಬನೇ ಉಳಿದಿದ್ದ, ಅವನಿಗೆ ಅದನ್ನು ನೋಡುವ ಹಕ್ಕಿರಲಿಲ್ಲ. ಇಲ್ಲಿಯವರೆಗೆ ಅವನು ಶಿಕ್ಷೆಗೆ ಹೆದರಿದ್ದ. ಶಿಕ್ಷೆ ಬರುವುದೇ ಇಲ್ಲ ಎಂದು ತಿಳಿದಾಗ ಹತ್ತಿಯ ಮೂಟೆಯ ಮೇಲೆ ಕುಳಿತ.

ಅದೇ ವಾರ ಹೆಡ್‌ಮೇಡಂ ಬಂದರು, ಹೊಸ ಮನೆಯ ವಿಳಾಸ ಕೊಡಲು. ಮುಖ ನಾಲ್ಕು ವರ್ಷ ಚಿಕ್ಕದಾಗಿತ್ತು. "ಸೀನಿದೆ," ಎಂದರು, ಮೊದಲ ಮಾತಿಗೇ. "ಪಕ್ಕದ ಮನೆಯವರು ಬಂದು ನೋಡಿ ಹೋದ್ರು." ಆಮೇಲೆ, ಹೊರಡುವಾಗ, ಚೀಲದ ಬಾಯಿ ಕಟ್ಟುತ್ತ, ಅದು ದೊಡ್ಡ ವಿಷಯವೇನಲ್ಲ ಎಂಬಂತೆ ಕೇಳಿದರು: "ಅಲ್ಲಿ ಅದನ್ನ ಎಲ್ಲಿಟ್ಟಿದಾರಂತೆ? ಬೆಳಗಿನ ಬಿಸಿಲು ಬಿದ್ರೆ ಕತ್ತಿನೊಳಗೆ ಗುಲಾಬಿ ಬಣ್ಣ ಬರತ್ತೆ. ನಾನೊಬ್ಬಳೇ ಇದ್ದಾಗ ನೋಡ್ತಾ ಕೂತಿರ್ತಿದ್ದೆ. ಯಾರಿಗೂ ಹೇಳಿಲ್ಲ ಇದನ್ನ."

"ಕಿಟಕಿ ಪಕ್ಕ ಅಂತೆ ಮೇಡಂ," ಎಂದ ಅವನು. "ಬಿಸಿಲು ಬರೋ ಕಡೆ."

ಆಕೆ ತಲೆಯಾಡಿಸಿ ಹೋದರು. ಅವನಿಗೆ ತನ್ನ ದನಿ ಎಷ್ಟು ಸಲೀಸಾಗಿ ಬಂತೆಂದು ಆಶ್ಚರ್ಯವಾಯಿತು. ಜ್ವರದ ಚೀಟಿ ಬರೆದ ಕೈಯ ಹಾಗೆ.

ಆ ಸಂಜೆ ಮನೆಗೆ ನಡೆದೇ ಬಂದ. ಹೆಂಡತಿ ಹೊರಗೆ ಹೋಗಿದ್ದಳು. ಮಗಳ ಕೋಣೆಯ ಬಾಗಿಲು ಹಾಕಿತ್ತು. ಕೆಳಗಿನ ಸಂದಿನಲ್ಲಿ ಬೆಳಕಿನ ಗೆರೆ. ಬಾಗಿಲ ಮುಂದೆ ನಿಂತ. ತಟ್ಟಬೇಕೆಂದು ಕೈ ಎತ್ತಿದ. ತಟ್ಟಿದರೆ, ಏನಪ್ಪ, ಎನ್ನುತ್ತಾಳೆ. ಏನಿಲ್ಲ ಪುಟ್ಟ, ಎನ್ನುತ್ತಾನೆ ಇವನು. ಚೆನ್ನಾಗಿದೀಯಾ ಎಂದರೆ, ಚೆನ್ನಾಗಿದೀನಿ ಎನ್ನುತ್ತಾಳೆ. ಅದು ಸುಳ್ಳೆಂದು ಹೇಳಲು ಅವನ ಬಳಿ ಏನೂ ಇಲ್ಲ, ನಿಜವೆಂದು ನಂಬಲೂ ಏನೂ ಇಲ್ಲ. ಎತ್ತಿದ ಕೈಯಲ್ಲಿ ತೋರುಬೆರಳು, ಅದರ ಪಕ್ಕದ ಬೆರಳು, ಎರಡೂ ಮುಂದಕ್ಕೆ ಚಾಚಿಕೊಂಡಿದ್ದವು. ಕೈ ಇಳಿಸಿದ. ಬಾಗಿಲಿಗೆ ಮೆಲ್ಲಗೆ ಕಿವಿ ಹಚ್ಚಿದ. ಮರ ತಣ್ಣಗಿತ್ತು. ಒಳಗೆ ಏನೂ ಸರಿದಾಡುತ್ತಿರಲಿಲ್ಲ.